ಉಸಿರು ಬಿಗಿಹಿಡಿದು ತಿಣುಕಿದಾಗ ರಕ್ತದೊತ್ತಡಕ್ಕೆ ಏನಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ರಕ್ತದೊತ್ತಡ ಇರುವವರಿಗೂ ಹೃದಯದ ತೊಂದರೆ ಇರುವವರಿಗೂ "ತಿಣುಕಬೇಡಿ, ಉಸಿರು ಕಟ್ಟಿ ಭಾರ ಎತ್ತಬೇಡಿ" ಎಂದು ವೈದ್ಯರು ಹೇಳುವುದುಂಟು. ಹಾಗೆ ಹೇಳುವುದಕ್ಕೆ ಕಾರಣವೇನು ಎಂಬುದನ್ನು ವಿವರಿಸಲು ಹೊರರೋಗಿ ವಿಭಾಗದ ಗಡಿಬಿಡಿಯಲ್ಲಿ ಅವರಿಗೆ ಬಿಡುವು ಸಿಗುವುದು ಕಡಿಮೆ. ರೋಗಿಗಳೂ ಮನೆಯವರೂ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಉಸಿರು ಬಿಗಿಹಿಡಿದು ತಿಣುಕುವುದು ಎಂದರೆ ನಿರ್ದಿಷ್ಟವಾಗಿ ಯಾವ ಕ್ರಿಯೆ?

ಉಸಿರನ್ನು ಒಳಗೆ ಎಳೆದುಕೊಂಡು, ಗಂಟಲ ದ್ವಾರವನ್ನು ಮುಚ್ಚಿ, ಗಾಳಿಯನ್ನು ಹೊರಗೆ ಬಿಡದೆಯೇ ಅದನ್ನು ಹೊರದಬ್ಬುವಂತೆ ಎದೆಯ ಮತ್ತು ಹೊಟ್ಟೆಯ ಸ್ನಾಯುಗಳಿಂದ ಬಲ ಹಾಕುವುದೇ ಈ ಕ್ರಿಯೆ. ಮಲಬದ್ಧತೆಯಲ್ಲಿ ತಿಣುಕುವಾಗ, ತುಂಬಿದ ಅಕ್ಕಿ ಮೂಟೆಯನ್ನು ಹೆಗಲಿಗೇರಿಸುವಾಗ, ಹೆರಿಗೆಯಲ್ಲಿ ಮುಕ್ಕುವಾಗ ನಾವು ಗೊತ್ತಿಲ್ಲದೆಯೇ ಇದನ್ನು ಮಾಡುತ್ತೇವೆ. ಕೆಮ್ಮಿನಲ್ಲಿಯೂ ಇದರ ಒಂದು ಚಿಕ್ಕ ರೂಪವಿದೆ. ಸುಮ್ಮನೆ ಉಸಿರು ಹಿಡಿಯುವುದು ಬೇರೆ, ಹಿಡಿದ ಉಸಿರಿನ ಮೇಲೆ ಬಲ ಹಾಕುವುದು ಬೇರೆ. ರಕ್ತದೊತ್ತಡದಲ್ಲಿ ಕೆಲವೇ ಸೆಕೆಂಡುಗಳಲ್ಲಿ ದೊಡ್ಡ ಏರಿಳಿತವನ್ನು ಉಂಟುಮಾಡುವುದು ಎರಡನೆಯದು.

ವೈದ್ಯರು ಇದನ್ನು ವಲ್ಸಾಲ್ವ ಎಂದು ಕರೆಯುವುದೇಕೆ?

ಆಂಟೋನಿಯೊ ಮರಿಯಾ ವಲ್ಸಾಲ್ವ (1666–1723) ಇಟಲಿಯ ಬೊಲೋನ್ಯಾದಲ್ಲಿದ್ದ ಅಂಗರಚನಾಶಾಸ್ತ್ರಜ್ಞ. ಕಿವಿಯ ರಚನೆಯ ಬಗ್ಗೆ ಅವರು 1704ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಬಾಯಿ ಮೂಗು ಮುಚ್ಚಿಕೊಂಡು ಗಾಳಿಯನ್ನು ಒತ್ತಿ ನಡುಗಿವಿಯ ಕೀವನ್ನು ಹೊರಹಾಕುವ ವಿಧಾನವನ್ನು ವಿವರಿಸಿದ್ದರು. ಅವರ ಗಮನವೆಲ್ಲ ಕಿವಿಯ ಮೇಲಿತ್ತು. ರಕ್ತದೊತ್ತಡವನ್ನು ಅಳೆಯುವ ಉಪಕರಣವೇ ಆ ಕಾಲದಲ್ಲಿ ಇರಲಿಲ್ಲ. ಈ ಕ್ರಿಯೆಯ ವೇಳೆ ಅಪಧಮನಿಯ ಒತ್ತಡ ಹೇಗೆ ಬದಲಾಗುತ್ತದೆ ಎಂಬುದನ್ನು ಅಮೆರಿಕದ ಹ್ಯಾಮಿಲ್ಟನ್, ವುಡ್‌ಬರಿ ಮತ್ತು ಹಾರ್ಪರ್ ಎಂಬ ಶರೀರಕ್ರಿಯಾ ವಿಜ್ಞಾನಿಗಳು 1936ರಲ್ಲಿ ಸ್ಪಷ್ಟವಾಗಿ ದಾಖಲಿಸಿದರು. ಇಂದಿಗೂ ಪಾಠ ಮಾಡುವಾಗ ಬಳಸುವ ನಾಲ್ಕು ಹಂತಗಳ ವಿವರಣೆಗೆ ಆ ಕೆಲಸವೇ ತಳಹದಿ.

ತಿಣುಕಿದಾಗ ಬಿಪಿ ಏರುತ್ತದೆಯೋ, ಇಳಿಯುತ್ತದೆಯೋ?

ಎರಡೂ ಆಗುತ್ತವೆ, ಅದೂ ಅರ್ಧ ನಿಮಿಷದೊಳಗೆ ಒಂದಕ್ಕಿಂತ ಹೆಚ್ಚು ಬಾರಿ. "ತಿಣುಕಿದರೆ ಬಿಪಿ ಏರುತ್ತದೆ" ಎಂಬ ಮಾತು ಅರ್ಧ ಮಾತ್ರ ನಿಜ. ಉಳಿದ ಅರ್ಧವನ್ನು ತಿಳಿಯದಿದ್ದರೆ ಶೌಚಾಲಯದಲ್ಲಿ ವೃದ್ಧರು ತಲೆ ಸುತ್ತಿ ಬೀಳುವುದೇಕೆ ಎಂಬುದು ಅರ್ಥವಾಗುವುದಿಲ್ಲ. ಹದಿನೈದು ಸೆಕೆಂಡು ಒಂದೇ ಬಲದಲ್ಲಿ ತಿಣುಕಿದ ಆರೋಗ್ಯವಂತ ವ್ಯಕ್ತಿಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಮೊದಲ ಹಂತ ತಿಣುಕಲು ಆರಂಭಿಸಿದ ಎರಡು ಮೂರು ಸೆಕೆಂಡುಗಳದು. ಎದೆಗೂಡಿನ ಒಳಗಿನ ಒತ್ತಡ ಥಟ್ಟನೆ ಹೆಚ್ಚಿ, ಹೃದಯದಿಂದ ರಕ್ತವನ್ನು ಹೊತ್ತೊಯ್ಯುವ ಮುಖ್ಯ ನಾಳವಾದ ಮಹಾಪಧಮನಿಯನ್ನು ಹೊರಗಿನಿಂದ ಅಮುಕುತ್ತದೆ, ಶ್ವಾಸಕೋಶದಲ್ಲಿದ್ದ ರಕ್ತವೂ ಹೃದಯದ ಎಡಭಾಗಕ್ಕೆ ತಳ್ಳಲ್ಪಡುತ್ತದೆ. ಆದ್ದರಿಂದ ಬಿಪಿ ಏರುತ್ತದೆ. ಇಲ್ಲಿ ನರಗಳ ಪಾತ್ರವಿಲ್ಲ, ಇದು ಬರಿಯ ಒತ್ತುವಿಕೆಯ ಫಲ.

ಎರಡನೆಯ ಹಂತದಲ್ಲಿ ಚಿತ್ರ ತಿರುಗುಮುರುಗಾಗುತ್ತದೆ. ಎದೆಯೊಳಗಿನ ಒತ್ತಡ ಹೆಚ್ಚಿರುವಷ್ಟು ಹೊತ್ತೂ ಕೈಕಾಲು ಮತ್ತು ಹೊಟ್ಟೆಯ ಭಾಗದಿಂದ ಅಭಿಧಮನಿಗಳ ಮೂಲಕ ಹೃದಯಕ್ಕೆ ಮರಳಬೇಕಾದ ರಕ್ತಕ್ಕೆ ದಾರಿ ಇಕ್ಕಟ್ಟಾಗುತ್ತದೆ. ಆಗ ಕತ್ತಿನ ಸಿರೆಗಳು ಉಬ್ಬುವುದನ್ನೂ ಮುಖ ಕೆಂಪೇರುವುದನ್ನೂ ಎದುರಿಗಿದ್ದವರು ಕಾಣಬಹುದು. ಹೃದಯಕ್ಕೆ ಬರುವ ರಕ್ತವೇ ಕಡಿಮೆಯಾದ ಮೇಲೆ ಅದು ಹೊರದಬ್ಬುವ ರಕ್ತವೂ ಬಡಿತದಿಂದ ಬಡಿತಕ್ಕೆ ಕಡಿಮೆಯಾಗಿ, ಬಿಪಿ ಇಳಿಯುತ್ತ ಹೋಗುತ್ತದೆ. ಮೇಲಿನ ಸಂಖ್ಯೆಗೂ ಕೆಳಗಿನ ಸಂಖ್ಯೆಗೂ ಇರುವ ಅಂತರ ಕಿರಿದಾಗುತ್ತದೆ, ನಾಡಿ ವೇಗವಾಗುತ್ತದೆ. ಇದೇ ಹಂತದ ಉತ್ತರಾರ್ಧದಲ್ಲಿ, ವ್ಯಕ್ತಿ ಇನ್ನೂ ತಿಣುಕುತ್ತಿರುವಾಗಲೇ, ಇಳಿದ ಒತ್ತಡ ತಡೆದು ನಿಂತು ಮೇಲಕ್ಕೆ ಚೇತರಿಸಿಕೊಳ್ಳುತ್ತದೆ.

ಮೂರನೆಯ ಹಂತ ಉಸಿರನ್ನು ಬಿಟ್ಟ ಕ್ಷಣದ್ದು. ಮಹಾಪಧಮನಿಯನ್ನು ಅಮುಕುತ್ತಿದ್ದ ಬಲ ಒಮ್ಮೆಲೇ ಇಲ್ಲವಾಗುವುದರಿಂದ ಒಂದೆರಡು ಸೆಕೆಂಡು ಬಿಪಿ ಮತ್ತೆ ಕುಸಿಯುತ್ತದೆ. ಅದರ ಬೆನ್ನಿಗೇ ಬರುವ ನಾಲ್ಕನೆಯ ಹಂತದಲ್ಲಿ ಬಿಪಿ, ತಿಣುಕುವ ಮೊದಲು ಎಷ್ಟಿತ್ತೋ ಅದನ್ನೂ ದಾಟಿ ಏರುತ್ತದೆ, ನಾಡಿ ನಿಧಾನವಾಗುತ್ತದೆ. ಸಾಮಾನ್ಯವಾಗಿ ಒಂದೂವರೆ ನಿಮಿಷದೊಳಗೆ ಎಲ್ಲವೂ ಮೊದಲಿನ ಮಟ್ಟಕ್ಕೆ ಬರುತ್ತದೆ.

ತಿಣುಕುತ್ತಿರುವಾಗಲೇ ಇಳಿದ ಬಿಪಿ ಮತ್ತೆ ಏರುವುದು ಹೇಗೆ?

ಕತ್ತಿನ ಎರಡೂ ಬದಿಯಲ್ಲಿ ಕ್ಯಾರೊಟಿಡ್ ಅಪಧಮನಿ ಕವಲೊಡೆಯುವಲ್ಲಿ ಮತ್ತು ಮಹಾಪಧಮನಿಯ ಬಾಗಿನಲ್ಲಿ, ರಕ್ತನಾಳದ ಗೋಡೆ ಎಷ್ಟು ಹಿಗ್ಗಿದೆ ಎಂಬುದನ್ನು ಅಳೆಯುವ ನರತುದಿಗಳಿವೆ. ಒತ್ತಡ ಇಳಿದಾಗ ಅವು ಮಿದುಳಿನ ಬುಡದಲ್ಲಿರುವ ಮೆಡುಲ್ಲಾಗೆ ಕಳುಹಿಸುವ ಸಂಕೇತ ಕಡಿಮೆಯಾಗುತ್ತದೆ. ಮೆಡುಲ್ಲಾ ಎರಡು ರೀತಿಯಲ್ಲಿ ಉತ್ತರಿಸುತ್ತದೆ. ಮೊದಲಿಗೆ, ಹೃದಯವನ್ನು ನಿಧಾನಗೊಳಿಸುವ ವೇಗಸ್ ನರದ ಹಿಡಿತವನ್ನು ಸಡಿಲಿಸುತ್ತದೆ. ಇದು ಒಂದೆರಡು ಬಡಿತದೊಳಗೆ ಆಗಿಬಿಡುತ್ತದೆ. ಜೊತೆಗೆ ಹೃದಯವನ್ನು ಚುರುಕುಗೊಳಿಸಿ ರಕ್ತನಾಳಗಳನ್ನು ಬಿಗಿಗೊಳಿಸುವ ಸಿಂಪಥೆಟಿಕ್ ನರಗಳ ಮೂಲಕ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಬಿಡುಗಡೆಯಾಗಿ ದೇಹದ ಸಣ್ಣ ಅಪಧಮನಿಗಳು ಬಿಗಿಯುತ್ತವೆ. ಇದಕ್ಕೆ ಕೆಲವು ಸೆಕೆಂಡು ಹಿಡಿಯುತ್ತದೆ. ಈ ವಿಳಂಬದಿಂದಾಗಿಯೇ ಬಿಪಿ ಮೊದಲು ಇಳಿದು ಆಮೇಲೆ ಚೇತರಿಸಿಕೊಳ್ಳುತ್ತದೆ. ಚೇತರಿಕೆ ಬರುವ ಮೊದಲೇ ಮಿದುಳಿಗೆ ರಕ್ತ ಸಾಲದಾದರೆ ಕಣ್ಣು ಮಂಜಾಗುತ್ತದೆ, ತಲೆ ಹಗುರಾದಂತೆ ಎನಿಸುತ್ತದೆ.

ಉಸಿರು ಬಿಟ್ಟ ಮೇಲೆ ಬಿಪಿ ಮೊದಲಿಗಿಂತ ಹೆಚ್ಚಾಗುವುದೇಕೆ?

ತೂಬು ಎತ್ತಿದಾಗ ತಡೆದಿದ್ದ ನೀರೆಲ್ಲ ಕಿರಿದಾದ ಕಾಲುವೆಗೆ ಒಮ್ಮೆಲೇ ನುಗ್ಗಿದಂತಹ ಸ್ಥಿತಿ ಅದು. ಎದೆಯ ಹೊರಗೆ ತಡೆದು ನಿಂತಿದ್ದ ರಕ್ತ ಹೃದಯಕ್ಕೆ ಧಾವಿಸುತ್ತದೆ, ಹೃದಯ ಅದನ್ನು ಪೂರ್ಣ ಬಲದಿಂದ ಹೊರದಬ್ಬುತ್ತದೆ. ಆದರೆ ಹಿಂದಿನ ಹಂತದಲ್ಲಿ ಬಿಗಿದ ಸಣ್ಣ ಅಪಧಮನಿಗಳು ಇನ್ನೂ ಸಡಿಲಗೊಂಡಿರುವುದಿಲ್ಲ.

ಅಪಾಯವನ್ನು ಲೆಕ್ಕ ಹಾಕುವಾಗ ಈ ಹಂತಕ್ಕೆ ಸಲ್ಲಬೇಕಾದ ಮಹತ್ವ ಸಲ್ಲುತ್ತಿಲ್ಲ ಎಂಬುದು ನನ್ನ ಅಭಿಪ್ರಾಯ. ತಿಣುಕುತ್ತಿರುವಾಗ ಎದೆಯೊಳಗಿನ ಒತ್ತಡ ಬೆನ್ನುಹುರಿಯ ಮತ್ತು ಮಿದುಳಿನ ಸುತ್ತಲಿನ ದ್ರವಕ್ಕೂ ತಲುಪಿ, ತಲೆಬುರುಡೆಯೊಳಗಿನ ರಕ್ತನಾಳಗಳಿಗೆ ಹೊರಗಿನಿಂದ ಒಂದು ಆಸರೆ ಕೊಡುತ್ತದೆ ಎಂಬುದನ್ನು 1936ರ ಅದೇ ಪ್ರಯೋಗಗಳು ತೋರಿಸಿದ್ದವು. ಒಳಗಿನ ಒತ್ತಡ ಹೆಚ್ಚಿದರೂ ಹೊರಗಿನ ಒತ್ತಡವೂ ಹೆಚ್ಚಿರುವುದರಿಂದ ನಾಳದ ಗೋಡೆಯ ಮೇಲಿನ ನಿಜವಾದ ಎಳೆತ ಅಷ್ಟಾಗಿ ಹೆಚ್ಚುವುದಿಲ್ಲ. ಉಸಿರು ಬಿಟ್ಟ ಕೂಡಲೇ ಆ ಆಸರೆ ತಪ್ಪಿಹೋಗುತ್ತದೆ, ಅಪಧಮನಿಯ ಒತ್ತಡ ಮಾತ್ರ ಇನ್ನೂ ಏರುತ್ತಿರುತ್ತದೆ. ಆದ್ದರಿಂದ "ತಿಣುಕಿ ಮುಗಿಯಿತು, ಇನ್ನೇನೂ ಭಯವಿಲ್ಲ" ಎಂದುಕೊಂಡು ತಟ್ಟನೆ ಎದ್ದು ನಿಲ್ಲುವುದು ಸರಿಯಲ್ಲ.

ಮನೆಯ ಬಿಪಿ ಯಂತ್ರದಲ್ಲಿ ಈ ಏರಿಳಿತವನ್ನು ನೋಡಬಹುದೇ?

ಸಾಧ್ಯವಿಲ್ಲ. ತೋಳಪಟ್ಟಿಯ ಯಂತ್ರ ಒಂದು ಸಲ ಅಳೆಯಲು ಅರ್ಧ ನಿಮಿಷ ಅಥವಾ ಅದಕ್ಕೂ ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ. ಅಷ್ಟರೊಳಗೆ ಒಂದರ ಹಿಂದೊಂದು ಹಂತಗಳು ದಾಟಿಹೋಗುತ್ತವೆ ಮತ್ತು ಯಂತ್ರ ತೋರಿಸುವ ಸಂಖ್ಯೆ ಯಾವ ಹಂತಕ್ಕೂ ಸೇರಿದ್ದಾಗಿರುವುದಿಲ್ಲ. ಪ್ರತಿ ಬಡಿತದ ಒತ್ತಡವನ್ನೂ ದಾಖಲಿಸಲು ಅಪಧಮನಿಯೊಳಗೆ ನಳಿಕೆ ಇಡಬೇಕು, ಇಲ್ಲವೇ ಚೆಕ್ ವಿಜ್ಞಾನಿ ಯಾನ್ ಪೆನ್ಯಾಜ್ 1973ರಲ್ಲಿ ಮುಂದಿಟ್ಟ ತತ್ವದಂತೆ ಕೆಲಸ ಮಾಡುವ ಬೆರಳಪಟ್ಟಿಯ ಉಪಕರಣ ಬೇಕು. ಅದರಲ್ಲಿ ಬೆಳಕಿನ ಸಹಾಯದಿಂದ ಬೆರಳಿನ ಅಪಧಮನಿಯ ಗಾತ್ರವನ್ನು ಗಮನಿಸುತ್ತ, ಆ ಗಾತ್ರ ಬದಲಾಗದಂತೆ ಪಟ್ಟಿಯ ಒತ್ತಡವನ್ನು ಕ್ಷಣಕ್ಷಣಕ್ಕೂ ಹೊಂದಿಸಲಾಗುತ್ತದೆ. ಮನೆಯಲ್ಲಿ ಬಿಪಿ ನೋಡಿಕೊಳ್ಳುವಾಗ ಉಸಿರು ಬಿಗಿಹಿಡಿಯದೆ, ಮಾತನಾಡದೆ, ಐದು ನಿಮಿಷ ಸುಮ್ಮನೆ ಕುಳಿತ ಮೇಲೆ ಅಳೆಯಿರಿ ಎನ್ನುವುದಕ್ಕೆ ಇಂತಹ ಏರಿಳಿತಗಳೂ ಒಂದು ಕಾರಣ.

ಆಸ್ಪತ್ರೆಯಲ್ಲಿ ತಿಣುಕಿಸಿ ನೋಡುವ ವಲ್ಸಾಲ್ವ ಪರೀಕ್ಷೆಯನ್ನು ಹೇಗೆ ಮಾಡುತ್ತಾರೆ, ಏಕೆ ಮಾಡುತ್ತಾರೆ?

ಹೃದಯ ಮತ್ತು ರಕ್ತನಾಳಗಳನ್ನು ತಾವಾಗಿಯೇ ನಿಯಂತ್ರಿಸುವ ನರಗಳು (ಸ್ವನಿಯಂತ್ರಿತ ನರವ್ಯೂಹ) ಸರಿಯಾಗಿ ಕೆಲಸ ಮಾಡುತ್ತಿವೆಯೇ ಎಂದು ತಿಳಿಯಲು ಈ ಪರೀಕ್ಷೆ. ಒತ್ತಡಮಾಪಕಕ್ಕೆ ಜೋಡಿಸಿದ ಕೊಳವೆಯೊಂದನ್ನು ಬಾಯಿಗೆ ಕೊಟ್ಟು, ಮಾಪಕ 40 ಮಿ.ಮೀ. ಪಾದರಸದ ಮಟ್ಟದಲ್ಲಿ ನಿಲ್ಲುವಂತೆ 15 ಸೆಕೆಂಡು ಊದಲು ಹೇಳುತ್ತಾರೆ. ಕೆನ್ನೆ ಉಬ್ಬಿಸಿ ಮಾತ್ರ ಆ ಮಟ್ಟವನ್ನು ಹಿಡಿದಿಡಲು ಆಗದಂತೆ ಕೊಳವೆಯಲ್ಲಿ ಸಣ್ಣದೊಂದು ರಂಧ್ರ ಇರುತ್ತದೆ. ಇಸಿಜಿ ಉದ್ದಕ್ಕೂ ನಡೆಯುತ್ತಿರುತ್ತದೆ. ಊದಿ ಬಿಟ್ಟ ನಂತರ ಎರಡು ಬಡಿತಗಳ ನಡುವೆ ಕಂಡುಬಂದ ಅತಿ ದೀರ್ಘ ಅಂತರವನ್ನು, ಊದುತ್ತಿರುವಾಗ ಕಂಡುಬಂದ ಅತಿ ಕಿರಿದಾದ ಅಂತರದಿಂದ ಭಾಗಿಸಿದರೆ ಸಿಗುವುದು ವಲ್ಸಾಲ್ವ ಅನುಪಾತ. ಎಡಿನ್‌ಬರೋದ ವೈದ್ಯ ಡೇವಿಡ್ ಯುಯಿಂಗ್ ಮತ್ತು ಸಂಗಡಿಗರು ಮಧುಮೇಹಿಗಳಿಗಾಗಿ ರೂಪಿಸಿದ ಪರೀಕ್ಷಾಸರಣಿಯಲ್ಲಿ 1.21 ಅಥವಾ ಅದಕ್ಕಿಂತ ಹೆಚ್ಚಿನ ಅನುಪಾತ ಸಹಜ, 1.10 ಅಥವಾ ಅದಕ್ಕಿಂತ ಕಡಿಮೆ ಅಸಹಜ, ನಡುವಿನದು ಅನಿಶ್ಚಿತ ಎಂದು ಗುರುತಿಸಲಾಗಿತ್ತು. ವಯಸ್ಸಾದಂತೆ ಅನುಪಾತ ತಾನಾಗಿ ಕಡಿಮೆಯಾಗುವುದರಿಂದ ಒಂದೇ ಸಂಖ್ಯೆಯನ್ನು ಎಲ್ಲರಿಗೂ ಅನ್ವಯಿಸಬಾರದು. ನಮ್ಮಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆಗಳಲ್ಲಿ ಸ್ವನಿಯಂತ್ರಿತ ನರವ್ಯೂಹದ ಪರೀಕ್ಷೆಗಳು ನಡೆಯುತ್ತವೆ.

ಅನುಪಾತವೊಂದನ್ನೇ ನೋಡುವುದಕ್ಕಿಂತ ಬಿಪಿಯ ರೇಖೆಯನ್ನೂ ನೋಡುವುದು ಮೇಲು. ಅನುಪಾತ ಮುಖ್ಯವಾಗಿ ವೇಗಸ್ ನರದ ಸ್ಥಿತಿಯನ್ನು ತಿಳಿಸುತ್ತದೆ. ಸಿಂಪಥೆಟಿಕ್ ನರಗಳ ಸ್ಥಿತಿ ಗೊತ್ತಾಗುವುದು ಎರಡನೆಯ ಹಂತದ ಚೇತರಿಕೆಯಿಂದ ಮತ್ತು ನಾಲ್ಕನೆಯ ಹಂತದ ಏರಿಕೆಯಿಂದ.

ಸಕ್ಕರೆ ಕಾಯಿಲೆ ಇರುವವರಲ್ಲಿ ಈ ಪ್ರತಿಕ್ರಿಯೆ ಬದಲಾಗುತ್ತದೆಯೇ?

ಹಲವು ವರ್ಷಗಳ ಮಧುಮೇಹ ಪಾದದ ನರಗಳನ್ನು ಕೆಡಿಸುವಂತೆಯೇ ಹೃದಯ ಮತ್ತು ರಕ್ತನಾಳಗಳನ್ನು ಆಳುವ ನರಗಳನ್ನೂ ಕೆಡಿಸಬಹುದು. ಆಗ ತಿಣುಕುವಾಗ ಬಿಪಿ ಇಳಿಯುತ್ತಲೇ ಹೋಗುತ್ತದೆ, ಚೇತರಿಕೆ ಬರುವುದಿಲ್ಲ. ಉಸಿರು ಬಿಟ್ಟ ಮೇಲೆ ಮೇಲೇರಿಕೆಯೂ ಕಾಣುವುದಿಲ್ಲ. ನಾಡಿಯ ವೇಗ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಪಾರ್ಕಿನ್ಸನ್ ಕಾಯಿಲೆಯ ಕೆಲವರಲ್ಲಿ, ಮಲ್ಟಿಪಲ್ ಸಿಸ್ಟಮ್ ಅಟ್ರೊಫಿ ಎಂಬ ನರರೋಗದಲ್ಲಿ ಕೂಡ ಇಂಥದೇ ರೇಖೆ ಸಿಗುತ್ತದೆ. ಇಂಥವರು ಎದ್ದು ನಿಂತಾಗಲೂ ಬಿಪಿ ಬೀಳುವ ಸಾಧ್ಯತೆ ಹೆಚ್ಚು. ಮಲಗಿದಾಗಿನ ಮತ್ತು ನಿಂತಾಗಿನ ಬಿಪಿ ಎರಡನ್ನೂ ಅಳೆಯುವಂತೆ ವೈದ್ಯರನ್ನು ಕೇಳಿಕೊಳ್ಳುವುದು ಒಳ್ಳೆಯದು.

ಹೃದಯ ವೈಫಲ್ಯದಲ್ಲಿ?

ಅಲ್ಲಿ ರೇಖೆ ಚೌಕಾಕಾರ ತಾಳುತ್ತದೆ. ಎದೆಯೊಳಗಿನ ರಕ್ತನಾಳಗಳಲ್ಲಿ ಮೊದಲೇ ರಕ್ತ ಹೆಚ್ಚಾಗಿ ತುಂಬಿಕೊಂಡಿರುವುದರಿಂದ ತಿಣುಕಿದಾಗ ಹೃದಯಕ್ಕೆ ರಕ್ತದ ಕೊರತೆಯಾಗುವುದಿಲ್ಲ. ಬಿಪಿ ಏರಿ, ತಿಣುಕುವಷ್ಟು ಹೊತ್ತೂ ಮೇಲೆಯೇ ಇದ್ದು, ಬಿಟ್ಟ ಕೂಡಲೇ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ಸ್ಟೆತೊಸ್ಕೋಪಿನಿಂದ ಕೇಳುವಾಗಲೂ ವೈದ್ಯರು ತಿಣುಕಲು ಹೇಳುವುದುಂಟು: ಹೃದಯದ ಬಹುತೇಕ ಮರ್ಮರ ಶಬ್ದಗಳು ಆಗ ಕ್ಷೀಣಿಸುತ್ತವೆ, ಆದರೆ ಹೃದಯದ ಸ್ನಾಯು ದಪ್ಪವಾಗಿ ರಕ್ತದ ದಾರಿಗೆ ಅಡ್ಡಬರುವ ಕಾಯಿಲೆಯಲ್ಲಿ ಶಬ್ದ ಜೋರಾಗುತ್ತದೆ.

ಶೌಚಾಲಯದಲ್ಲಿ ತಿಣುಕುವಾಗ ತಲೆ ಸುತ್ತುವುದು, ಬೀಳುವುದು ಇದರಿಂದಲೇ?

ಬಹಳ ಸಲ ಹೌದು. ತಿಣುಕುವಾಗಿನ ಎರಡನೆಯ ಹಂತದ ಇಳಿಕೆ, ಬಿಟ್ಟ ಕ್ಷಣದ ಕುಸಿತ, ಅದರ ಮೇಲೆ ವೇಗಸ್ ನರದ ಹಠಾತ್ ಚಟುವಟಿಕೆಯಿಂದ ನಿಧಾನವಾಗುವ ನಾಡಿ, ಇವೆಲ್ಲ ಸೇರಿ ಮಿದುಳಿಗೆ ಹೋಗುವ ರಕ್ತ ಕೆಲವು ಕ್ಷಣ ಸಾಲದಾಗಬಹುದು. ಕುಕ್ಕರಗಾಲಿನಲ್ಲಿ ಕುಳಿತವರು ಎದ್ದು ನಿಂತಾಗ ಕಾಲುಗಳಿಗೆ ರಕ್ತ ಇಳಿದು ಬಿಪಿ ಇನ್ನಷ್ಟು ಬೀಳುತ್ತದೆ. ಹಾಗೆಂದು ಕುಕ್ಕರಗಾಲಿನ ಶೌಚವೇ ಕೆಟ್ಟದ್ದು ಎಂದು ತಿಳಿಯಬಾರದು: ಮಂಡಿಗಳು ಸೊಂಟಕ್ಕಿಂತ ಮೇಲಿದ್ದಾಗ ಮಲದ ದಾರಿ ನೇರವಾಗುವುದರಿಂದ ತಿಣುಕುವ ಅಗತ್ಯ ಕಡಿಮೆಯಾಗುತ್ತದೆ. ಕಮೋಡ್ ಬಳಸುವವರು ಪಾದಗಳ ಕೆಳಗೆ ಗಿಡ್ಡ ಮಣೆಯೊಂದನ್ನು ಇಟ್ಟುಕೊಂಡರೆ ಅದೇ ಅನುಕೂಲ ಸಿಗುತ್ತದೆ. ನಡುರಾತ್ರಿ ಎದ್ದು ನಿಂತು ಮೂತ್ರ ಮಾಡುವಾಗ ತಿಣುಕುವ ವಯಸ್ಸಾದ ಗಂಡಸರಲ್ಲಿಯೂ ಇದೇ ತೊಂದರೆ ಆಗುತ್ತದೆ. ಅವರು ಕುಳಿತು ಮೂತ್ರ ಮಾಡುವುದು ಕ್ಷೇಮ.

ಹೃದಯಾಘಾತವಾದವರಿಗೆ ಆಸ್ಪತ್ರೆಯಲ್ಲಿ ಮಲ ಸಡಿಲಿಸುವ ಔಷಧಿಯನ್ನೂ ಕೊಡುವುದರ ಹಿಂದೆ ಇದೇ ಲೆಕ್ಕಾಚಾರವಿದೆ. ಮನೆಯಲ್ಲಿ ಮಲಬದ್ಧತೆಯನ್ನು ನಿರ್ಲಕ್ಷಿಸದೆ ಸೊಪ್ಪು, ತರಕಾರಿ, ಹಣ್ಣು, ಸಾಕಷ್ಟು ನೀರು, ಬೇಕಾದರೆ ಇಸಬಗೋಲು ಇವುಗಳಿಂದ ಸರಿಪಡಿಸಿಕೊಳ್ಳಬೇಕು; ನೀರು ಮಿತವಾಗಿ ಕುಡಿಯಲು ವೈದ್ಯರು ಹೇಳಿರುವ ಹೃದಯ ಅಥವಾ ಕಿಡ್ನಿ ರೋಗಿಗಳು ಮಾತ್ರ ಅವರನ್ನು ಕೇಳಿಯೇ ಮುಂದುವರಿಯಬೇಕು. ಬಿಪಿಯ ಮಾತ್ರೆಯನ್ನು ತಪ್ಪದೆ ತೆಗೆದುಕೊಂಡು, ದಿನವೂ ಬೆಳಿಗ್ಗೆ ಹತ್ತು ನಿಮಿಷ ತಿಣುಕುವ ಹಿರಿಯರು ಎಷ್ಟೋ ಮನೆಗಳಲ್ಲಿದ್ದಾರೆ. ಅವರ ಮಲಬದ್ಧತೆಯ ಬಗ್ಗೆ ಯಾರೂ ಕೇಳುವುದಿಲ್ಲ, ಅವರೂ ಸಂಕೋಚದಿಂದ ಹೇಳುವುದಿಲ್ಲ. ದಯವಿಟ್ಟು ಕೇಳಿ.

ಭಾರ ಎತ್ತುವಾಗ ಬಿಪಿ ಎಷ್ಟರಮಟ್ಟಿಗೆ ಏರಬಹುದು?

ಕೆನಡಾದಲ್ಲಿ ಮ್ಯಾಕ್‌ಡೂಗಲ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅನುಭವಿ ದೇಹದಾರ್ಢ್ಯಪಟುಗಳ ಅಪಧಮನಿಯೊಳಗೇ ನಳಿಕೆ ಇಟ್ಟು ಅಳೆದಿದ್ದರು. ಎರಡೂ ಕಾಲುಗಳಿಂದ ಭಾರ ಒತ್ತುವ ವ್ಯಾಯಾಮವನ್ನು ಇನ್ನಾಗದು ಎನ್ನುವವರೆಗೆ ಮಾಡಿದಾಗ ಸರಾಸರಿ ಒತ್ತಡ 320/250 ತಲುಪಿತ್ತು, ಒಬ್ಬರಲ್ಲಿ 480/350ನ್ನೂ ಮೀರಿತ್ತು. ಇಷ್ಟು ಏರುವುದಕ್ಕೆ ತಿಣುಕುವಿಕೆ ಒಂದೇ ಕಾರಣವಲ್ಲ. ಬಿಗಿದ ದೊಡ್ಡ ಸ್ನಾಯುಗಳು ತಮ್ಮೊಳಗಿನ ರಕ್ತನಾಳಗಳನ್ನು ಹಿಂಡುವುದೂ, ಸ್ನಾಯುಗಳಿಂದ ಮಿದುಳಿಗೆ ಹೋಗುವ ಸಂಕೇತಗಳೂ ಅದರೊಂದಿಗೆ ಸೇರುತ್ತವೆ. ಅವರು ಪಳಗಿದ, ಆರೋಗ್ಯವಂತ ಯುವಕರು ಎಂಬುದನ್ನೂ ನೆನಪಿಡಬೇಕು.

ತುಂಬ ಭಾರ ಎತ್ತುವ ಪಟುಗಳು ಬೆನ್ನೆಲುಬಿಗೆ ಭದ್ರತೆ ಬೇಕೆಂದು ಬೇಕೆಂತಲೇ ಉಸಿರು ಬಿಗಿಹಿಡಿಯುತ್ತಾರೆ, ಅದಕ್ಕೆ ಅರ್ಥವಿದೆ. ಆದರೆ ಬಿಪಿ ಇರುವವರು, ನಡುವಯಸ್ಸು ದಾಟಿ ಜಿಮ್‌ಗೆ ಹೊಸದಾಗಿ ಸೇರಿದವರು ಅವರನ್ನು ಅನುಕರಿಸಬೇಕಾಗಿಲ್ಲ. ಹತ್ತು ಹದಿನೈದು ಸಲ ಎತ್ತಲು ಸಾಧ್ಯವಾಗುವಷ್ಟು ಕಡಿಮೆ ಭಾರ ಆರಿಸಿಕೊಂಡು, ಎತ್ತುವಾಗ ಉಸಿರು ಬಿಡುತ್ತ, ಇಳಿಸುವಾಗ ಎಳೆದುಕೊಳ್ಳುವುದು ಸರಿಯಾದ ಕ್ರಮ. ಗ್ಯಾಸ್ ಸಿಲಿಂಡರನ್ನೋ ತುಂಬಿದ ಕೊಡವನ್ನೋ ಎತ್ತುವಾಗಲೂ ಇದೇ ಕ್ರಮ ಸಾಕು.

ಹೆರಿಗೆಯಲ್ಲಿ ಉಸಿರು ಕಟ್ಟಿ ಮುಕ್ಕಲೇಬೇಕೇ?

ಉದ್ದಕ್ಕೂ ಉಸಿರು ಕಟ್ಟಿಸಿ, ಎಣಿಸುತ್ತ ಮುಕ್ಕಿಸುವ ರೂಢಿ ಹೆರಿಗೆ ಕೋಣೆಗಳಲ್ಲಿದೆ. ತಾಯಿಗೆ ತಾನಾಗಿ ಮುಕ್ಕಬೇಕೆನಿಸಿದಾಗ, ತನ್ನದೇ ಲಯದಲ್ಲಿ ಮುಕ್ಕಲು ಉತ್ತೇಜನ ಕೊಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2018ರ ಶಿಫಾರಸು. ಗರ್ಭಿಣಿಗೆ ತೀವ್ರ ಬಿಪಿ ಅಥವಾ ಹೃದಯದ ಕವಾಟದ ತೊಂದರೆ ಇದ್ದರೆ ಮುಕ್ಕುವ ಹೊರೆಯನ್ನು ಹೇಗೆ ಕಡಿಮೆ ಮಾಡಬೇಕೆಂದು ವೈದ್ಯರು ಮೊದಲೇ ಯೋಜಿಸುತ್ತಾರೆ.

ಪ್ರಾಣಾಯಾಮದ ಕುಂಭಕವೂ ಅಪಾಯಕಾರಿಯೇ?

ಕುಂಭಕದಲ್ಲಿ ಬಲ ಹಾಕದೆ ಉಸಿರನ್ನು ನಿಲ್ಲಿಸಿದರೆ ಮೇಲೆ ವಿವರಿಸಿದ ನಾಲ್ಕು ಹಂತಗಳು ಪೂರ್ಣ ಪ್ರಮಾಣದಲ್ಲಿ ಕಾಣಿಸಿಕೊಳ್ಳುವುದಿಲ್ಲ. ಶ್ವಾಸಕೋಶ ಪೂರ್ತಿ ತುಂಬಿಸಿ ಗಂಟಲು ಮುಚ್ಚಿದಾಗ, ಹಿಗ್ಗಿದ ಎದೆ ತಾನಾಗಿ ಕುಗ್ಗಲು ಯತ್ನಿಸುವುದರಿಂದ ಒಳಗಿನ ಒತ್ತಡ ಸ್ವಲ್ಪ ಹೆಚ್ಚುತ್ತದೆ, ಅಷ್ಟೇ. ಆದರೆ ಬಹಳ ಹೊತ್ತು ಹಿಡಿದರೆ ಬೇರೊಂದು ಕ್ರಿಯೆ ಆರಂಭವಾಗುತ್ತದೆ: ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿ ಆಮ್ಲಜನಕ ಕಡಿಮೆಯಾದಂತೆ ಸಿಂಪಥೆಟಿಕ್ ನರಗಳು ಕೆರಳಿ ಬಿಪಿ ನಿಧಾನವಾಗಿ, ಆದರೆ ಒಂದೇ ಸಮನೆ ಏರುತ್ತದೆ. ಆದ್ದರಿಂದ ಬಿಪಿ ಹತೋಟಿಯಲ್ಲಿಲ್ಲದವರು ದೀರ್ಘ ಕುಂಭಕವನ್ನು ಬಿಟ್ಟು, ನಿಧಾನವಾಗಿ ಎಳೆದು ನಿಧಾನವಾಗಿ ಬಿಡುವ ಉಸಿರಾಟವನ್ನಷ್ಟೇ ಮಾಡುವುದು ಸೂಕ್ತ. ಉಡ್ಡೀಯಾನ ಬಂಧದಲ್ಲಿ ನಡೆಯುವುದು ಇದಕ್ಕೆ ವಿರುದ್ಧವಾದ ಕ್ರಿಯೆ: ಉಸಿರನ್ನೆಲ್ಲ ಹೊರಹಾಕಿ ಗಂಟಲು ಮುಚ್ಚಿ ಎದೆಯನ್ನು ಹಿಗ್ಗಿಸುವುದರಿಂದ ಒಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾಗುತ್ತದೆ. ಹೃದ್ರೋಗವಿರುವವರು ಅದನ್ನೂ ತಾವಾಗಿಯೇ ಮಾಡಬಾರದು.

ಎದೆ ಡವಗುಟ್ಟುವ ಕಾಯಿಲೆಗೆ ಇದನ್ನೇ ಚಿಕಿತ್ಸೆಯಾಗಿ ಬಳಸುತ್ತಾರಂತೆ, ನಿಜವೇ?

ನಿಜ. ಹೃದಯ ಹಠಾತ್ತಾಗಿ ಅತಿ ವೇಗವಾಗಿ ಬಡಿಯತೊಡಗುವ ಎಸ್‌ವಿಟಿ ಎಂಬ ಸ್ಥಿತಿಯಲ್ಲಿ, ನಾಲ್ಕನೆಯ ಹಂತದಲ್ಲಿ ಚುರುಕಾಗುವ ವೇಗಸ್ ನರ ಆ ವೇಗದ ಸುತ್ತನ್ನು ಕಡಿದುಹಾಕಬಲ್ಲದು. ಇಂಗ್ಲೆಂಡಿನ ತುರ್ತು ಚಿಕಿತ್ಸಾ ವಿಭಾಗಗಳಲ್ಲಿ 428 ಮಂದಿಯ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 15 ಸೆಕೆಂಡು ಊದಿದ ಕೂಡಲೇ ರೋಗಿಯನ್ನು ಅಂಗಾತ ಮಲಗಿಸಿ ಕಾಲುಗಳನ್ನು ಎತ್ತಿಹಿಡಿದಾಗ 43 ಶೇಕಡಾ ಮಂದಿಯಲ್ಲಿ ಲಯ ಸರಿಹೋಯಿತು. ಊದಿದ ನಂತರವೂ ಅರೆ ಒರಗಿದ ಭಂಗಿಯಲ್ಲೇ ಉಳಿದವರಲ್ಲಿ ಇದು 17 ಶೇಕಡಾ ಮಾತ್ರ ಇತ್ತು. ಕಾಲೆತ್ತಿದಾಗ ಹೃದಯಕ್ಕೆ ಮರಳುವ ರಕ್ತ ಹೆಚ್ಚುವುದರಿಂದ ಹೀಗಾಗುತ್ತದೆ. ಎಸ್‌ವಿಟಿ ಎಂದು ಇಸಿಜಿಯಲ್ಲಿ ಖಚಿತವಾಗಿ, ವೈದ್ಯರು ಕಲಿಸಿಕೊಟ್ಟಿದ್ದರೆ ಮಾತ್ರ ಮನೆಯಲ್ಲಿ ಪ್ರಯತ್ನಿಸಬಹುದು. ಎದೆನೋವು, ಉಸಿರಾಟದ ಕಷ್ಟ ಅಥವಾ ಪ್ರಜ್ಞೆ ತಪ್ಪುವಂತಹ ಅನುಭವವಿದ್ದರೆ ಸಮಯ ಕಳೆಯದೆ ಆಸ್ಪತ್ರೆಗೆ ಹೋಗಬೇಕು.

ಬಿಪಿ ಮತ್ತು ಪ್ರಾಸ್ಟೇಟ್ ಔಷಧಿಗಳು ಈ ಪ್ರತಿಕ್ರಿಯೆಯನ್ನು ಬದಲಿಸುತ್ತವೆಯೇ?

ಬದಲಿಸುತ್ತವೆ. ಪ್ರಾಜೊಸಿನ್‌ನಂತಹ ಆಲ್ಫಾ ತಡೆ ಔಷಧಿಗಳು ಸಣ್ಣ ಅಪಧಮನಿಗಳು ಬಿಗಿಯುವುದನ್ನು ತಡೆಯುವುದರಿಂದ ಎರಡನೆಯ ಹಂತದ ಚೇತರಿಕೆ ಕುಂದುತ್ತದೆ. ಪ್ರಾಸ್ಟೇಟ್ ತೊಂದರೆಗೆ ಕೊಡುವ ಟಾಮ್ಸುಲೊಸಿನ್ ಕೂಡ ಇದೇ ವರ್ಗದ್ದು, ಆದರೆ ರಕ್ತನಾಳಗಳ ಮೇಲೆ ಅದರ ಪರಿಣಾಮ ಕಡಿಮೆ. ಮೆಟೊಪ್ರೊಲಾಲ್, ಅಟೆನೊಲಾಲ್‌ನಂತಹ ಬೀಟಾ ತಡೆ ಔಷಧಿಗಳು ನಾಲ್ಕನೆಯ ಹಂತದ ಮೇಲೇರಿಕೆಯನ್ನು ತಗ್ಗಿಸುತ್ತವೆ. ತಲೆಸುತ್ತು ಬಂತೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು.

ಯಾರು ಬೇಕೆಂದೇ ತಿಣುಕುವುದನ್ನು, ಈ ಪರೀಕ್ಷೆಯನ್ನೂ ಸೇರಿಸಿ, ತಪ್ಪಿಸಬೇಕು?

ಇತ್ತೀಚೆಗೆ ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರು, ಮಹಾಪಧಮನಿಯ ಕವಾಟ ತೀರಾ ಕಿರಿದಾಗಿರುವವರು, ಮಿದುಳಿನಲ್ಲಾಗಲಿ ಮಹಾಪಧಮನಿಯಲ್ಲಾಗಲಿ ರಕ್ತನಾಳ ಉಬ್ಬಿರುವವರು, ಬಿಪಿ ತುಂಬ ಹೆಚ್ಚಿದ್ದು ಹತೋಟಿಗೆ ಬಾರದವರು, ಕಣ್ಣಿನ ಅಥವಾ ಹರ್ನಿಯಾದ ಶಸ್ತ್ರಚಿಕಿತ್ಸೆ ಈಚೆಗೆ ಆದವರು ಇದರಿಂದ ದೂರವಿರಬೇಕು. ಮಧುಮೇಹದಿಂದ ಅಕ್ಷಿಪಟಲದಲ್ಲಿ ಹೊಸ ರಕ್ತನಾಳಗಳು ಹುಟ್ಟಿಕೊಂಡಿರುವವರೂ ಅಷ್ಟೇ ಎಚ್ಚರ ವಹಿಸಬೇಕು. ಆ ನಾಳಗಳ ಗೋಡೆ ಬಲು ತೆಳು. ತಿಣುಕುವಾಗ ತಲೆಯ ಕಡೆಯ ಅಭಿಧಮನಿಗಳಲ್ಲಿ ಒತ್ತಡ ಹೆಚ್ಚಿ ಅವು ಒಡೆದರೆ ಕಣ್ಣೊಳಗೆ ರಕ್ತ ಸೋರಿ ದೃಷ್ಟಿ ಮಸುಕಾಗುತ್ತದೆ. ತಿಣುಕಿದ ನಂತರ ಕಣ್ಣ ಮುಂದೆ ಹಠಾತ್ತನೆ ಕಪ್ಪು ಚುಕ್ಕೆಗಳೋ ಕೆಂಪು ಮಬ್ಬೋ ಕಂಡರೆ ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಬೇಕು. ಸಿಡಿಲು ಬಡಿದಂತಹ, ಹಿಂದೆಂದೂ ಬಾರದಷ್ಟು ತೀವ್ರ ತಲೆನೋವು ಬಂದರೆ ಒಂದು ಗಂಟೆಯನ್ನೂ ಕಾಯಬಾರದು.

ವಿಮಾನದಲ್ಲಿ ಕಿವಿ ಕಟ್ಟಿದಾಗ ಮೂಗು ಮುಚ್ಚಿ ಊದಬಹುದೇ?

ಮೆಲ್ಲಗೆ, ಒಂದೆರಡು ಸೆಕೆಂಡು ಮಾತ್ರ ಊದಿದರೆ ಬಿಪಿಯಲ್ಲಿ ಹೇಳಿಕೊಳ್ಳುವಂತಹ ಬದಲಾವಣೆ ಆಗುವುದಿಲ್ಲ. ಉಗುಳು ನುಂಗುವುದು, ಆಕಳಿಸುವುದು, ಪೆಪ್ಪರ್‌ಮೆಂಟ್ ಚೀಪುವುದು ಇವುಗಳನ್ನು ಮೊದಲು ಮಾಡಿ ನೋಡಬಹುದು. ನೆಗಡಿಯಿಂದ ಮೂಗು ಕಟ್ಟಿದಾಗ ಊದುವುದೇ ಬೇಡ.